ಕರೆಂಟ್ ಹೋಗುವ ಊರಿಗೆ ಯಾವ ಸೋಲಾರ್? ಆನ್‌ಗ್ರಿಡ್, ಹೈಬ್ರಿಡ್, ಸೋಲಾರ್ ಯುಪಿಎಸ್‌ಗಳ ಹೋಲಿಕೆ

ನೆತ್ತಿ ಸುಡುವ ಬಿಸಿಲು. ತಾರಸಿ ತುಂಬ ಪ್ಯಾನೆಲ್. ಕೆಳಗೆ ನಡುಮನೆಯಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತಿದೆ, ಫ್ರಿಜ್ ಸುಮ್ಮನಾಗಿದೆ. ಆನ್‌ಗ್ರಿಡ್, ಅಂದರೆ ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೇ ಸೇರಿಸಿದ ಸೋಲಾರ್ ಹಾಕಿಸಿದ ಎಷ್ಟೋ ಮನೆಗಳಲ್ಲಿ ಮೊದಲ ತಿಂಗಳೇ ಏಳುವ ಜಗಳ ಇದು. ಮಾರಿದವರು ಹೇಳಿರುವುದಿಲ್ಲ, ಕೊಂಡವರು ಕೇಳಿರುವುದಿಲ್ಲ. ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಹಾಗೆ.

ಯಂತ್ರ ಕೆಟ್ಟಿಲ್ಲ. ಅದು ಹಾಗೆಯೇ ಇರಬೇಕು. ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿಸುವ ಆನ್‌ಗ್ರಿಡ್ ಇನ್ವರ್ಟರ್ ಬೆಸ್ಕಾಂ ಲೈನಿನ ವೋಲ್ಟೇಜನ್ನೂ 50 ಹರ್ಟ್ಸ್‌ನ ತಾಳವನ್ನೂ ನೋಡಿಕೊಂಡು, ಅದಕ್ಕೆ ಹೆಜ್ಜೆ ಸೇರಿಸಿ ಕರೆಂಟ್ ಕೊಡುತ್ತದೆ. ಲೈನು ಸತ್ತರೆ ಎರಡು ಸೆಕೆಂಡಿನೊಳಗೆ ತಾನೂ ನಿಲ್ಲಬೇಕೆಂಬುದು ನಿಯಮ. ನಿಲ್ಲದಿದ್ದರೆ ನಿಮ್ಮ ಮನೆಯ ಕರೆಂಟ್ ಹಿಂದಕ್ಕೆ ಹರಿದು ಟಿಸಿಯನ್ನು (ಬೀದಿಯ ಟ್ರಾನ್ಸ್‌ಫಾರ್ಮರ್) ಮುಟ್ಟುತ್ತದೆ. ಟಿಸಿ ಇಳಿಸುವ ಕೆಲಸವನ್ನು ತಿರುಗಿಸಿ ಏರಿಸುವ ಕೆಲಸ ಮಾಡುತ್ತದೆ, 11 ಕೆವಿ ತಂತಿಯನ್ನು ಸತ್ತಿದೆ ಎಂದುಕೊಂಡು ಹಿಡಿದ ಲೈನ್‌ಮನ್‌ನ ಜೀವ ಹೋಗುತ್ತದೆ. ಈ ರಕ್ಷಣೆಯನ್ನು ತಪ್ಪಿಸುವ ದಾರಿ ಹುಡುಕಬೇಡಿ, ಹುಡುಕಿಕೊಡುತ್ತೇನೆ ಎನ್ನುವವರನ್ನು ಮನೆಗೆ ಸೇರಿಸಲೇಬೇಡಿ.

ಹಾಗಾಗಿ ಬಿಲ್ಲು ಇಳಿಸುವುದು ಒಂದು ಕೆಲಸ, ಕರೆಂಟ್ ಹೋದಾಗ ದೀಪ ಉರಿಸುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಪ್ಯಾನೆಲ್ ಬೇಕು. ಎರಡನೆಯದಕ್ಕೆ ಬ್ಯಾಟರಿ ಬೇಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಳ್ಳಬೇಕೋ, ಬೇರೆ ಬೇರೆಯಾಗಿಯೋ, ಒಂದನ್ನು ಬಿಟ್ಟೇಬಿಡಬೇಕೋ ಎನ್ನುವುದೇ ಈ ಹೋಲಿಕೆಯ ವಿಷಯ.

ಮೊದಲು ಒಂದು ತಿಂಗಳು ಲೆಕ್ಕ ಬರೆಯಿರಿ

"ನಮ್ಮೂರಲ್ಲಿ ದಿನಕ್ಕೆ ನಾಲ್ಕು ಗಂಟೆ ಕರೆಂಟ್ ಇರಲ್ಲ" ಎಂಬ ಮಾತಿನಿಂದ ಸೋಲಾರ್ ಲೆಕ್ಕ ಹಾಕಲಾಗದು. ಆ ನಾಲ್ಕು ಗಂಟೆ ಯಾವಾಗ ಎನ್ನುವುದು ಮುಖ್ಯ. ರಾತ್ರಿ ಏಳರಿಂದ ಹನ್ನೊಂದಾದರೆ ಆನ್‌ಗ್ರಿಡ್‌ಗೆ ಒಂದು ಯೂನಿಟ್ಟೂ ನಷ್ಟವಿಲ್ಲ. ಬೆಳಗ್ಗೆ ಹತ್ತರಿಂದ ಎರಡಾದರೆ ದಿನದ ಅರ್ಧಕ್ಕಿಂತ ಹೆಚ್ಚು ಉತ್ಪಾದನೆ ಹೋಯಿತು.

ದಾವಣಗೆರೆ, ಚಿತ್ರದುರ್ಗಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದ ಊರುಗಳು. ಇಲ್ಲಿ ನೆರಳಿಲ್ಲದ ತಾರಸಿಯಲ್ಲಿ ಒಂದು ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಐದರ ಹತ್ತಿರ, ಜುಲೈ–ಆಗಸ್ಟ್‌ನ ಮೋಡದಲ್ಲಿ ಮೂರು ಅಥವಾ ಅದಕ್ಕೂ ಕಡಿಮೆ. 3 ಕಿಲೋವಾಟ್‌ಗೆ ದಿನಕ್ಕೆ 12 ಯೂನಿಟ್ ಎಂದಿಟ್ಟುಕೊಳ್ಳಿ. ನಡುಹಗಲಿನ ಒಂದೊಂದು ಗಂಟೆಯೂ ಸುಮಾರು ಎರಡು ಯೂನಿಟ್. ಬೆಳಗ್ಗೆ ಏಳರ ಒಂದು ಗಂಟೆ ಕಾಲು ಯೂನಿಟ್ ಕೊಟ್ಟರೆ ಹೆಚ್ಚು. ಸಬ್‌ಸ್ಟೇಷನ್ ನಿರ್ವಹಣೆಗಾಗಿ "ಬೆಳಗ್ಗೆ 10ರಿಂದ ಸಂಜೆ 4ರವರೆಗೆ ವಿದ್ಯುತ್ ವ್ಯತ್ಯಯ" ಎಂದು ಪತ್ರಿಕೆಯಲ್ಲಿ ಬರುತ್ತದಲ್ಲ, ಆ ಒಂದು ದಿನದಲ್ಲಿ ಮುಕ್ಕಾಲು ಪಾಲು ಉತ್ಪಾದನೆ ಖೋತಾ. ತಿಂಗಳಿಗೊಂದು ಸಲವಾದರೆ ಲೆಕ್ಕಕ್ಕಿಲ್ಲ, ವಾರಕ್ಕೆರಡು ಸಲವಾದರೆ ಲೆಕ್ಕವೇ ಬೇರೆ.

ಒಂದು ನೋಟ್‌ಪುಸ್ತಕದಲ್ಲಿ ಐದು ಕಾಲಂ ಮಾಡಿ: 6–9, 9–12, 12–3, 3–6, ರಾತ್ರಿ. ಕರೆಂಟ್ ಎಷ್ಟು ನಿಮಿಷ ಹೋಯಿತು, ಎಷ್ಟು ಸಲ ಹೋಯಿತು, ಎರಡನ್ನೂ ಬರೆಯಿರಿ. "ಎಷ್ಟು ಸಲ" ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಕರೆಂಟ್ ಬಂದ ತಕ್ಷಣ ಆನ್‌ಗ್ರಿಡ್ ಇನ್ವರ್ಟರ್ ಕೆಲಸ ಶುರುಮಾಡುವುದಿಲ್ಲ. ಲೈನು ನೆಟ್ಟಗಿದೆಯೇ ಎಂದು ಒಂದರಿಂದ ಐದು ನಿಮಿಷ ಕಾದು ನೋಡುತ್ತದೆ. ಗಾಳಿಗೆ ತಂತಿ ತಾಗಿ ಕ್ಷಣಮಾತ್ರ ಹೋಗಿಬರುವ ಕರೆಂಟ್ ದಿನಕ್ಕೆ ಹನ್ನೆರಡು ಸಲವಾದರೆ, ಸಲಕ್ಕೆ ಐದು ನಿಮಿಷದಂತೆ, ಒಂದು ಗಂಟೆಯ ಬಿಸಿಲು ಕಾಯುವುದರಲ್ಲೇ ಕಳೆಯಿತು.

ಜೊತೆಗೆ ಪ್ಲಗ್‌ಗೆ ಸಿಕ್ಕಿಸುವ ಚಿಕ್ಕ ವೋಲ್ಟ್‌ಮೀಟರ್ ಒಂದು ತನ್ನಿ, ಕೆಲವು ನೂರು ರೂಪಾಯಿಯ ವಸ್ತು. ಮಧ್ಯಾಹ್ನ ಹನ್ನೆರಡೂವರೆಗೆ ಮತ್ತು ಸಂಜೆ ಏಳೂವರೆಗೆ ಎಷ್ಟು ತೋರಿಸುತ್ತದೆ ಎಂದು ಬರೆದಿಡಿ. ಇದು ಯಾಕೆ ಎಂಬುದು ಮುಂದೆ ಬರುತ್ತದೆ.

ನಿಮ್ಮ ಬಿಲ್ಲು ಎಷ್ಟು?

ಈ ಪ್ರಶ್ನೆಯಲ್ಲೇ ಅರ್ಧ ಜನರ ತೀರ್ಮಾನ ಮುಗಿಯುತ್ತದೆ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಬರುತ್ತಿರುವ ಮನೆಗೆ ಆನ್‌ಗ್ರಿಡ್ ಸೋಲಾರ್‌ನಿಂದ ಉಳಿಯುವುದು ಸೊನ್ನೆ. ಸಬ್ಸಿಡಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಒಂದು ಲಕ್ಷ ಕೈಯಿಂದ ಹಾಕುವುದು ಜಾಣತನವಲ್ಲ. ಅಂಥ ಮನೆಗೆ ಬೇಕಾಗಿರುವುದು ಕತ್ತಲಲ್ಲಿ ದೀಪ, ಅಂದರೆ ಒಳ್ಳೆಯ ಯುಪಿಎಸ್ ಅಥವಾ ಪ್ಯಾನೆಲ್‌ನಿಂದಲೂ ಬ್ಯಾಟರಿ ತುಂಬಿಕೊಳ್ಳುವ ಚಿಕ್ಕ ಸೋಲಾರ್ ಯುಪಿಎಸ್.

ತಿಂಗಳಿಗೆ 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ಕಟ್ಟುವ ಮನೆಗಳದ್ದು ಬೇರೆ ಮಾತು. ಎಸಿ ಇರುವ, ಮೇಲೆ ಬಾಡಿಗೆಗೆ ಕೊಟ್ಟ ಮಹಡಿಯಿರುವ, ಬೋರ್ ಮೋಟಾರ್ ಇರುವ ಮನೆಗಳು ಈ ಗುಂಪು. ಯೂನಿಟ್‌ಗೆ ಸುಮಾರು ಆರು ರೂಪಾಯಿ ಹಿಡಿದರೆ, 3 ಕಿಲೋವಾಟ್‌ನ 360 ಯೂನಿಟ್‌ಗೆ ತಿಂಗಳಿಗೆ 2,160 ರೂಪಾಯಿ. ಮಂಜೂರಾದ ಲೋಡ್‌ನ ಮೇಲಿನ ನಿಗದಿತ ಶುಲ್ಕ ಸೋಲಾರ್ ಹಾಕಿದರೂ ಹೋಗದು. ನೀವು ಬಳಸುವುದಕ್ಕಿಂತ ಹೆಚ್ಚು ತಯಾರಿಸಿದರೆ ಆ ಹೆಚ್ಚಳಕ್ಕೆ ಸಿಗುವ ದರ ನೀವು ಕೊಡುವ ದರಕ್ಕಿಂತ ಬಹಳ ಕಡಿಮೆ. ಆದ್ದರಿಂದ 220 ಯೂನಿಟ್ ಬಳಸುವ ಮನೆಗೆ 2 ಕಿಲೋವಾಟ್ ಸಾಕು. 5 ಹಾಕಿಸಿ ಎನ್ನುವವರು ತಮ್ಮ ಲಾಭದ ಲೆಕ್ಕ ಹೇಳುತ್ತಿದ್ದಾರೆ.

ಆನ್‌ಗ್ರಿಡ್ ಮತ್ತು ಪಕ್ಕದಲ್ಲೊಂದು ಸಾದಾ ಯುಪಿಎಸ್

ಪೇಟೆಯ ಮನೆಗಳಿಗೆ, ಅಂದರೆ ದಾವಣಗೆರೆ ನಗರ, ಹರಿಹರ, ಚಿತ್ರದುರ್ಗ ಪಟ್ಟಣದಂಥ ಕಡೆ ಹಗಲಿನ ಕಡಿತ ದಿನಕ್ಕೆ ಒಂದು ಗಂಟೆಯೊಳಗೆ ಇದ್ದರೆ, ನಮ್ಮ ಆಯ್ಕೆ ಇದೇ. ನೋಡಲು ಹಳೇ ಕಾಲದ ಜೋಡಿ, ಆದರೆ ಪ್ರತಿ ಭಾಗವನ್ನೂ ಬೇರೆ ಬೇರೆಯಾಗಿ ರಿಪೇರಿ ಮಾಡಬಹುದು, ಬದಲಿಸಬಹುದು.

ಈ ಯುಪಿಎಸ್ ಎಷ್ಟು ಹೊತ್ತು ಬರುತ್ತದೆ ಎಂಬುದಕ್ಕೆ ನೇರ ಲೆಕ್ಕವಿದೆ. 12 ವೋಲ್ಟ್, 150 ಎಎಚ್‌ನ (ಆಂಪಿಯರ್-ಅವರ್) ಒಂದು ಟ್ಯೂಬ್ಯುಲರ್, ಅಂದರೆ ನೀರು ಹಾಕುವ ಸೀಸ-ಆಮ್ಲದ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಅವರ್ ಇದೆ. ಬ್ಯಾಟರಿಯ ಆಯುಸ್ಸು ಉಳಿಯಬೇಕಾದರೆ ಶೇ. 60ಕ್ಕಿಂತ ಹೆಚ್ಚು ಹಿಂಡಬಾರದು. ಯುಪಿಎಸ್ ತಾನೇ ತಿನ್ನುವುದನ್ನೂ ಕಳೆದರೆ ಕೈಗೆ ಸಿಗುವುದು 900 ವಾಟ್-ಅವರ್. ಹಳೆಯ 75 ವಾಟ್‌ನ ಎರಡು ಫ್ಯಾನ್, ಮೂರು ಎಲ್‌ಇಡಿ ಬಲ್ಬ್, ವೈಫೈ ರೂಟರ್, ಒಂದು ಟಿವಿ ಸೇರಿ 250 ವಾಟ್ ಆಗುತ್ತದೆ, ಮೂರೂವರೆ ಗಂಟೆ. ಫ್ಯಾನ್‌ಗಳನ್ನು 30 ವಾಟ್‌ನ ಬಿಎಲ್‌ಡಿಸಿಗೆ ಬದಲಿಸಿ ಟಿವಿ ಬಿಟ್ಟರೆ ಒಟ್ಟು 100 ವಾಟ್‌ಗೆ ಇಳಿಯುತ್ತದೆ, ಅದೇ ಬ್ಯಾಟರಿ ಒಂಬತ್ತು ಗಂಟೆಯ ಹತ್ತಿರ ಎಳೆಯುತ್ತದೆ. ಎರಡನೇ ಬ್ಯಾಟರಿಗೆ ಹಣ ಹಾಕುವ ಮೊದಲು ಫ್ಯಾನ್ ಬದಲಿಸಿ.

ವೈರಿಂಗ್‌ನಲ್ಲಿ ಆಗುವ ದೊಡ್ಡ ತಪ್ಪೂ ಇಲ್ಲೇ. ಆನ್‌ಗ್ರಿಡ್ ಇನ್ವರ್ಟರ್‌ನ ಎಸಿ ತಂತಿಯನ್ನು ಮೀಟರ್‌ನ ನಂತರದ ಮೇನ್ ಬೋರ್ಡ್‌ಗೆ, ಯುಪಿಎಸ್‌ಗಿಂತ ಮುಂಚೆ ಸೇರಿಸಬೇಕು. ಕೆಲವು ಕಡೆ ಎಲೆಕ್ಟ್ರಿಷಿಯನ್ ಮೇಲ್ಮಹಡಿಯಲ್ಲಿ ಹತ್ತಿರ ಸಿಕ್ಕ ಲೈನಿಗೆ ಸೇರಿಸಿಬಿಡುತ್ತಾರೆ, ಅದು ಯುಪಿಎಸ್‌ನಿಂದ ಹೊರಟ ಲೈನಾಗಿರುತ್ತದೆ. ಕರೆಂಟ್ ಹೋದಾಗ ಯುಪಿಎಸ್ ಕೊಡುವ ಸೈನ್ ವೇವನ್ನೇ ಬೆಸ್ಕಾಂ ಲೈನು ಎಂದು ನಂಬಿ ಆನ್‌ಗ್ರಿಡ್ ಇನ್ವರ್ಟರ್ 3 ಕಿಲೋವಾಟ್ ತಳ್ಳಲು ಶುರುಮಾಡುತ್ತದೆ. ಮನೆಯಲ್ಲಿ ಉರಿಯುತ್ತಿರುವುದು 250 ವಾಟ್. ಉಳಿದದ್ದು ಹೋಗುವುದೆಲ್ಲಿಗೆ? ಯುಪಿಎಸ್‌ನೊಳಕ್ಕೆ. ವೋಲ್ಟೇಜ್ ಜಿಗಿಯುತ್ತದೆ, ಯುಪಿಎಸ್‌ನ ಬೋರ್ಡ್ ಸುಡುತ್ತದೆ, ಬ್ಯಾಟರಿ ಕುದಿಯುತ್ತದೆ.

ಜನರೇಟರ್ ಇರುವ ಮನೆ, ಅಂಗಡಿಗಳಿಗೂ ಇದೇ ಮಾತು. ಆನ್‌ಗ್ರಿಡ್ ಇನ್ವರ್ಟರ್ ಚೇಂಜ್‌ಓವರ್ ಸ್ವಿಚ್‌ನ ಬೆಸ್ಕಾಂ ಬದಿಯಲ್ಲಿರಬೇಕು. ಅದು ಜನರೇಟರ್‌ನ ಮುಖವನ್ನೇ ನೋಡಬಾರದು.

ಹೈಬ್ರಿಡ್: ಯಾರಿಗೆ ಸರಿ, ಯಾರಿಗೆ ಹೊರೆ

ಹೈಬ್ರಿಡ್ ಇನ್ವರ್ಟರ್‌ಗೆ ಎರಡು ಎಸಿ ಬಾಯಿಗಳಿವೆ. ಒಂದು ಗ್ರಿಡ್‌ಗೆ, ಇನ್ನೊಂದು ಬ್ಯಾಕಪ್‌ಗೆ. ಕರೆಂಟ್ ಹೋದಾಗ ಅದು ಗ್ರಿಡ್‌ನಿಂದ ತನ್ನನ್ನು ಕಡಿದುಕೊಂಡು, ಬ್ಯಾಕಪ್ ಬಾಯಿಗೆ ಪ್ಯಾನೆಲ್ ಮತ್ತು ಬ್ಯಾಟರಿಯಿಂದ ಕರೆಂಟ್ ಕೊಡುತ್ತದೆ. ಬಿಸಿಲು ವ್ಯರ್ಥವಾಗುವುದಿಲ್ಲ, ಫ್ರಿಜ್ ನಿಲ್ಲುವುದಿಲ್ಲ.

ಹಣದ ಲೆಕ್ಕ ಮಾತ್ರ ಕಟುವಾಗಿದೆ. ಆನ್‌ಗ್ರಿಡ್‌ಗಿಂತ ಹೆಚ್ಚಿನ ಬೆಲೆಯ ಇನ್ವರ್ಟರ್, 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ, ಬೇರೆ ಬೋರ್ಡ್, ಎಲ್ಲ ಸೇರಿ ಒಂದೂವರೆ ಲಕ್ಷ ಹೆಚ್ಚು ಬೀಳುತ್ತದೆ ಎಂದು ಹಿಡಿಯೋಣ. ಹಗಲಿನ ಕಡಿತದಲ್ಲಿ ಆನ್‌ಗ್ರಿಡ್ ದಿನಕ್ಕೆ ಮೂರು ಯೂನಿಟ್ ಕಳೆದುಕೊಳ್ಳುತ್ತಿತ್ತು, ಅದನ್ನು ಹೈಬ್ರಿಡ್ ಪೂರ್ತಿ ಉಳಿಸಿಕೊಟ್ಟಿತು ಎಂದೇ ಇಟ್ಟುಕೊಳ್ಳಿ. ತಿಂಗಳಿಗೆ 90 ಯೂನಿಟ್, 540 ರೂಪಾಯಿ. ಒಂದೂವರೆ ಲಕ್ಷ ಹಿಂದಿರುಗಲು ಇಪ್ಪತ್ಮೂರು ವರ್ಷ ಬೇಕು. ಬ್ಯಾಟರಿ ಬಾಳುವುದು ಹತ್ತು ಹನ್ನೆರಡು ವರ್ಷ. ಅಂದಮೇಲೆ ಹೈಬ್ರಿಡ್ ಉಳಿತಾಯದ ಬಾಬತ್ತಲ್ಲ, ಅನುಕೂಲಕ್ಕೆ ಕೊಡುವ ಬೆಲೆ. ಆಕ್ಸಿಜನ್ ಯಂತ್ರ ಬೇಕಾದ ಹಿರಿಯರು ಮನೆಯಲ್ಲಿದ್ದರೆ, ಕಂಪ್ಯೂಟರ್‌ನಲ್ಲೇ ದುಡಿಮೆ ಇದ್ದರೆ, ಔಷಧ ಅಥವಾ ಹಾಲನ್ನು ತಣ್ಣಗಿಡಬೇಕಾದ ವ್ಯಾಪಾರವಿದ್ದರೆ ಆ ಬೆಲೆ ನ್ಯಾಯ. ಸುಮ್ಮನೆ ಟಿವಿ ನೋಡಲಿಕ್ಕಾದರೆ ಅಲ್ಲ.

ಕೊಳ್ಳುವುದೆಂದಾದರೆ ಗಮನಿಸಬೇಕಾದದ್ದು ಬ್ಯಾಕಪ್ ಬಾಯಿಯ ಸಾಮರ್ಥ್ಯ. ಇಡೀ ಮನೆಯನ್ನು ಅದಕ್ಕೆ ಕಟ್ಟಬೇಡಿ. ದೀಪ, ಫ್ಯಾನ್, ರೂಟರ್, ಫ್ರಿಜ್, ಬೇಕಾದರೆ ಮಿಕ್ಸಿ, ಇಷ್ಟಕ್ಕೆ ಬೇರೆ ಬೋರ್ಡ್ ಹಾಕಿಸಿ. ಗೀಸರ್, ಎಸಿ, ಇಂಡಕ್ಷನ್ ಒಲೆ ಹೊರಗಿರಲಿ. ಒಂದು ಎಚ್‌ಪಿ ಸಂಪಿನ ಮೋಟಾರ್ ಓಡುವಾಗ ಸಾವಿರ–ಸಾವಿರದ ನೂರು ವಾಟ್, ಆದರೆ ಏಳುವ ಕ್ಷಣದಲ್ಲಿ ಅದರ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. 3 ಕಿಲೋವಾಟ್‌ನ ಹೈಬ್ರಿಡ್ ಅಲ್ಲೇ ಮುಗ್ಗರಿಸಿ ಟ್ರಿಪ್ ಆಗಬಹುದು. ಮೋಟಾರನ್ನು ಗ್ರಿಡ್ ಇರುವಾಗ ಓಡಿಸಿ ಟ್ಯಾಂಕ್ ತುಂಬಿಸಿಕೊಳ್ಳಿ. ಮೇಲಿನ ನೀರಿನ ಟ್ಯಾಂಕ್‌ಗಿಂತ ಅಗ್ಗದ ಬ್ಯಾಟರಿ ಇನ್ನೂ ಯಾರೂ ಕಂಡುಹಿಡಿದಿಲ್ಲ.

"ಈಗ ಹೈಬ್ರಿಡ್ ಇನ್ವರ್ಟರ್ ಹಾಕಿಸಿ, ಬ್ಯಾಟರಿ ಆಮೇಲೆ ತಗೊಳ್ಳೋಣ" ಎಂಬ ಸಲಹೆ ಬಂದರೆ ಎರಡು ಪ್ರಶ್ನೆ ಕೇಳಿ. ಬ್ಯಾಟರಿ ಇಲ್ಲದಿದ್ದಾಗ, ಕರೆಂಟ್ ಹೋದರೆ ಬ್ಯಾಕಪ್ ಬಾಯಿಯಲ್ಲಿ ಏನಾದರೂ ಬರುತ್ತದೆಯೇ? ಬಹುಪಾಲು ಮಾದರಿಗಳಲ್ಲಿ ಬರುವುದಿಲ್ಲ. ಎರಡನೆಯದು, ಈ ಇನ್ವರ್ಟರ್ ಮಾತಾಡಬಲ್ಲ ಬ್ಯಾಟರಿಗಳ ಪಟ್ಟಿ ಎಲ್ಲಿ? ಲಿಥಿಯಂ ಬ್ಯಾಟರಿಯೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್) ಮತ್ತು ಇನ್ವರ್ಟರ್ ಒಂದೇ ಭಾಷೆಯಲ್ಲಿ ಮಾತಾಡದಿದ್ದರೆ ಚಾರ್ಜ್ ಅರ್ಧಕ್ಕೇ ನಿಲ್ಲುತ್ತದೆ ಅಥವಾ ಇನ್ವರ್ಟರ್ ಎರರ್ ತೋರಿಸಿ ಕೂರುತ್ತದೆ. ಮೂರು ವರ್ಷದ ನಂತರ ಆ ಪಟ್ಟಿಯ ಬ್ಯಾಟರಿ ಮಾರುಕಟ್ಟೆಯಲ್ಲಿ ಸಿಗುತ್ತದೆಂಬ ಖಾತರಿ ಇಲ್ಲ.

ಸೋಲಾರ್ ಯುಪಿಎಸ್: ತೋಟದ ಮನೆಯ ಮದ್ದು

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟದ ಮನೆಗಳು, ಹಿರಿಯೂರು, ಚಳ್ಳಕೆರೆಯ ಹೊಲದ ಮನೆಗಳು ಹಲವು ಸಲ ಊರಿನ ಮನೆಗಳಿಗೆಂದೇ ಬೇರೆ ಮಾಡಿದ ನಿರಂತರ ಜ್ಯೋತಿ ಫೀಡರ್‌ನಲ್ಲಿ ಇರುವುದಿಲ್ಲ, ಐಪಿ ಸೆಟ್‌ನ (ನೀರಾವರಿ ಪಂಪ್‌ಸೆಟ್) ಫೀಡರ್‌ನಲ್ಲಿರುತ್ತವೆ. ಅಲ್ಲಿ ತ್ರೀಫೇಸ್ ಪಾಳಿಯ ಲೆಕ್ಕದಲ್ಲಿ ಬರುತ್ತದೆ, ಉಳಿದ ಹೊತ್ತು ಸಿಂಗಲ್ ಫೇಸ್ ಬಂದರೆ ಬಂತು. ಪಾಳಿ ಹಗಲೋ ರಾತ್ರಿಯೋ ಎಂಬುದೇ ಬದಲಾಗುತ್ತಿರುತ್ತದೆ. ಇಂಥ ಲೈನಿಗೆ ಆನ್‌ಗ್ರಿಡ್ ಹಾಕುವುದು ಒಣಗಿದ ಕಾಲುವೆಯನ್ನು ನಂಬಿ ಭತ್ತ ನಾಟಿ ಮಾಡಿದಂತೆ. ಇಲ್ಲಿಗೆ ಸಬ್ಸಿಡಿ ಮರೆತು ಸೋಲಾರ್ ಯುಪಿಎಸ್ ಹಾಕುವುದೇ ಸರಿ.

ಒಂದು ನಂಬುವಂಥ ಜೋಡಣೆ: 24 ವೋಲ್ಟ್‌ನ ಎಂಪಿಪಿಟಿ (ಪ್ಯಾನೆಲ್‌ನಿಂದ ಪೂರ್ತಿ ವಾಟ್ ಹೊರತೆಗೆಯುವ ಬಗೆಯ) ಸೋಲಾರ್ ಯುಪಿಎಸ್, 150 ಎಎಚ್‌ನ ಎರಡು ಟ್ಯೂಬ್ಯುಲರ್ ಬ್ಯಾಟರಿ ಸೀರೀಸ್‌ನಲ್ಲಿ, 540 ವಾಟ್‌ನ ಒಂದು ಪ್ಯಾನೆಲ್. ಪ್ಯಾನೆಲ್ ಒಂದೇ ಏಕೆ? 540 ವಾಟ್ ಅಂದರೆ ಬ್ಯಾಟರಿಗೆ ಸುಮಾರು 20 ಆಂಪಿಯರ್. 150 ಎಎಚ್ ಟ್ಯೂಬ್ಯುಲರ್ ಹಿತವಾಗಿ ತೆಗೆದುಕೊಳ್ಳುವುದು 15ರಿಂದ 20. ಎರಡು ಪ್ಯಾನೆಲ್ ಹಾಕಿ 40 ಆಂಪಿಯರ್ ತುರುಕಿದರೆ ಬ್ಯಾಟರಿ ಬಿಸಿಯಾಗಿ ನೀರು ಆರುತ್ತದೆ. ಹಗಲಲ್ಲೇ ಫ್ರಿಜ್, ಫ್ಯಾನ್ ಓಡಿಸುವುದಿದ್ದರೆ ಎರಡನೇ ಪ್ಯಾನೆಲ್ ಹಾಕಿ, ಆದರೆ ಯುಪಿಎಸ್‌ನ ಚಾರ್ಜಿಂಗ್ ಮಿತಿಯನ್ನು 20 ಆಂಪಿಯರ್‌ಗೆ ಸೆಟ್ ಮಾಡಿ. ಈ ಪ್ಯಾನೆಲ್‌ನ ತೆರೆದ ವೋಲ್ಟೇಜ್, ಅಂದರೆ ಏನನ್ನೂ ಕಟ್ಟದಿರುವಾಗಿನದು, ಸುಮಾರು 49. ಎರಡನ್ನು ಸೀರೀಸ್ ಮಾಡಿದರೆ 98. ಯುಪಿಎಸ್ ಮೇಲೆ ಬರೆದ ಗರಿಷ್ಠ ಮಿತಿ 100 ಇದ್ದರೆ ಚಳಿಗಾಲದ ಬೆಳಗ್ಗೆ ಅದು ದಾಟಿ ಹೋಗುತ್ತದೆ, ಪ್ಯಾರಲಲ್ ಮಾಡಿ.

ಅಗ್ಗಕ್ಕೆ ಸಿಗುವ ಪಿಡಬ್ಲ್ಯುಎಂ ಯುಪಿಎಸ್‌ಗೆ ಈಗಿನ ದೊಡ್ಡ ಪ್ಯಾನೆಲ್ ಸಿಕ್ಕಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಪಿಡಬ್ಲ್ಯುಎಂ ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜಿಗೆ ಎಳೆದು ಕೂರಿಸುತ್ತದೆ. 41 ವೋಲ್ಟ್, 13 ಆಂಪಿಯರ್‌ನ ಪ್ಯಾನೆಲನ್ನು 12 ವೋಲ್ಟ್ ಬ್ಯಾಟರಿಗೆ ಕಟ್ಟಿದರೆ 13 ಆಂಪಿಯರ್ ಹಾಗೇ ಬರುತ್ತದೆ, ವೋಲ್ಟೇಜ್ 13ಕ್ಕೆ ಬೀಳುತ್ತದೆ. 540 ವಾಟ್ ಕೊಂಡವರಿಗೆ ಸಿಗುವುದು 170 ವಾಟ್. "ಸೋಲಾರ್ ಚಾರ್ಜೇ ಆಗಲ್ಲ" ಎಂಬ ದೂರುಗಳಲ್ಲಿ ಬಹಳಷ್ಟು ಇದೇ.

ವೋಲ್ಟೇಜ್: ಕರೆಂಟ್ ಇದ್ದೂ ಇನ್ವರ್ಟರ್ ನಿಲ್ಲುವ ಕತೆ

ಆನ್‌ಗ್ರಿಡ್ ಕೈಕೊಡುವುದು ಕರೆಂಟ್ ಹೋದಾಗ ಮಾತ್ರವಲ್ಲ. ಲೈನಿನ ವೋಲ್ಟೇಜ್ ಮಿತಿ ಮೀರಿದರೂ ಅದು ನಿಲ್ಲುತ್ತದೆ. ಸಾಮಾನ್ಯ ಮಿತಿ 230ರ ಶೇ. 80ರಿಂದ 110, ಅಂದರೆ 184ರಿಂದ 253 ವೋಲ್ಟ್. ಹಳ್ಳಿಯಲ್ಲಿ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವಾಗ 180ಕ್ಕೆ ಇಳಿಯುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು ತುದಿ: ಭಾನುವಾರ ಮಧ್ಯಾಹ್ನ, ಲೋಡ್ ಕಡಿಮೆ, ಟಿಸಿ ಹತ್ತಿರ, ಆಗ ಲೈನು 248 ತೋರಿಸುತ್ತಿರುತ್ತದೆ. ಅದರ ಮೇಲೆ ನಿಮ್ಮ ಸೋಲಾರ್ ತಳ್ಳಬೇಕು. ತಳ್ಳಬೇಕಾದರೆ ತಂತಿಯ ಅಡ್ಡಿಯನ್ನು ಮೀರುವಷ್ಟು ವೋಲ್ಟೇಜ್ ಏರಿಸಿಕೊಳ್ಳಬೇಕು.

3 ಕಿಲೋವಾಟ್ ಅಂದರೆ ಸುಮಾರು 13 ಆಂಪಿಯರ್. ತಾರಸಿಯ ಇನ್ವರ್ಟರ್‌ನಿಂದ ಕೆಳಗಿನ ಮೀಟರ್‌ವರೆಗೆ 30 ಮೀಟರ್ ಎಂದುಕೊಳ್ಳಿ, ಹೋಗಿ ಬರುವುದು 60. ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಅಷ್ಟು ದೂರಕ್ಕೆ ಆರು ವೋಲ್ಟ್ ಏರುತ್ತದೆ, 248 ಇದ್ದದ್ದು ಇನ್ವರ್ಟರ್‌ನ ಬಾಯಲ್ಲಿ 254 ಆಗಿ ಟ್ರಿಪ್. ಆರು ಸ್ಕ್ವೇರ್ ಎಂಎಂ ಹಾಕಿದರೆ ಎರಡೂವರೆ ವೋಲ್ಟ್ ಮಾತ್ರ, 250ರಲ್ಲಿ ನಿಂತು ಕೆಲಸ ನಡೆಯುತ್ತದೆ. ಒಂದು ವೈರಿನ ಆಯ್ಕೆಯಿಂದ ಮಧ್ಯಾಹ್ನದ ಉತ್ಪಾದನೆ ಉಳಿಯಿತು. ಕೊಟೇಶನ್‌ನಲ್ಲಿ ಎಸಿ ಕೇಬಲ್‌ನ ದಪ್ಪವನ್ನು ಬರೆಸಿಕೊಳ್ಳಿ. ಇನ್ವರ್ಟರನ್ನು ಮೀಟರ್ ಹತ್ತಿರ, ನೆರಳಿನಲ್ಲಿ ಇಟ್ಟು, ಡಿಸಿ ಕೇಬಲನ್ನೇ ಉದ್ದ ಎಳೆಯುವುದು ಇನ್ನೂ ಒಳ್ಳೆಯದು. ಆರು ಪ್ಯಾನೆಲ್ ಸೀರೀಸ್‌ನಲ್ಲಿ 240 ವೋಲ್ಟ್‌ನ ಆಸುಪಾಸು ಇರುತ್ತದೆ, ನಾಲ್ಕು ಸ್ಕ್ವೇರ್ ಎಂಎಂ ಸೋಲಾರ್ ಕೇಬಲ್ ಸಾಕು, ಅಲ್ಲಿ ಟ್ರಿಪ್ ಆಗುವ ಭಯವಿಲ್ಲ.

ಮೀಟರ್‌ನಲ್ಲೇ 253 ದಾಟುತ್ತಿದ್ದರೆ ದಿನಾಂಕ, ಗಂಟೆ ಸಮೇತ ಓದಿದ ವೋಲ್ಟೇಜ್ ಬರೆದು ಸೆಕ್ಷನ್ ಆಫೀಸ್‌ಗೆ ಅರ್ಜಿ ಕೊಡಿ. ಟಿಸಿಯಲ್ಲಿ ಟ್ಯಾಪ್ ಬದಲಿಸುವ ಸೌಲಭ್ಯವಿದ್ದರೆ ಇಳಿಸಿಕೊಡಬಹುದು. ಬಾಯಿಮಾತಿನ ದೂರಿಗಿಂತ ಹತ್ತು ದಿನದ ಪಟ್ಟಿಗೆ ಬೆಲೆ ಜಾಸ್ತಿ.

ತ್ರೀಫೇಸ್ ಸರ್ವಿಸ್ ಇರುವವರಿಗೆ ಇನ್ನೊಂದು ಎಚ್ಚರ. ತ್ರೀಫೇಸ್ ಇನ್ವರ್ಟರ್‌ಗೆ ಮೂರೂ ಫೇಸ್ ಬೇಕು. ಟಿಸಿಯಲ್ಲಿ ಒಂದು ಫ್ಯೂಸ್ ಹೋದರೂ ಇಡೀ ಇನ್ವರ್ಟರ್ ನಿಲ್ಲುತ್ತದೆ. ಮೂರೋ ನಾಲ್ಕೋ ಕಿಲೋವಾಟ್‌ಗೆ ಸಿಂಗಲ್ ಫೇಸ್ ಇನ್ವರ್ಟರ್ ಹಾಕಿ ಹೆಚ್ಚು ನೆಟ್ಟಗಿರುವ ಫೇಸ್‌ಗೆ ಸೇರಿಸಲು ಅನುಮತಿ ಇದ್ದರೆ ಅದೇ ಮೇಲು. ಒಂದು ತಿಂಗಳ ನೋಟ್‌ಪುಸ್ತಕದಲ್ಲಿ ಯಾವ ಫೇಸ್ ಎಷ್ಟು ಸಲ ಹೋಯಿತೆಂದೂ ಬರೆದಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸುತ್ತಮುತ್ತ ಕೆಪಾಸಿಟರ್ ಹಾಕಿ ಎರಡು ಫೇಸ್‌ನಲ್ಲಿ ಮೋಟಾರ್ ಓಡಿಸುವ ಹೊಲಗಳಿದ್ದರೆ ಆ ಲೈನಿನ ವೋಲ್ಟೇಜ್ ಕುಣಿಯುತ್ತಲೇ ಇರುತ್ತದೆ, ಆನ್‌ಗ್ರಿಡ್‌ಗೆ ಅದು ಒಳ್ಳೆಯ ನೆರೆಯಲ್ಲ.

ಬ್ಯಾಟರಿ: ಟ್ಯೂಬ್ಯುಲರೋ ಲಿಥಿಯಮೋ

ತಿಂಗಳಿಗೆ ನಾಲ್ಕಾರು ಸಲ ಮಾತ್ರ ಕರೆಂಟ್ ಹೋಗುವ ಮನೆಗೆ ಟ್ಯೂಬ್ಯುಲರ್ ಸಾಕು. ದಿನವೂ ಖಾಲಿಯಾಗಿ ತುಂಬುವ ಬ್ಯಾಟರಿಯಾದರೆ ಲಿಥಿಯಂ ಐರನ್ ಫಾಸ್ಫೇಟ್ ಕೊನೆಗೆ ಅಗ್ಗ ಬೀಳುತ್ತದೆ. ಟ್ಯೂಬ್ಯುಲರ್‌ಗೆ ಎರಡು ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ನೀರು ಬೇಕು, ಬೋರಿನ ನೀರು ಹಾಕಿದರೆ ಕೊಂದಂತೆ. ಅದು ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಮಲಗುವ ಕೋಣೆಯಲ್ಲಿ, ದೇವರ ದೀಪದ ಪಕ್ಕದಲ್ಲಿ ಇಡಬಾರದು. ಲಿಥಿಯಂಗೆ ಶತ್ರು ಬಿಸಿ. ಏಪ್ರಿಲ್‌ನಲ್ಲಿ ಹೊರಗೇ 40ರ ಹತ್ತಿರ ಹೋಗುವ ಊರಿನಲ್ಲಿ, ಮೆಟ್ಟಿಲ ಮೇಲಿನ ಶೀಟ್ ಹೊದಿಸಿದ ಕೋಣೆ ಮಧ್ಯಾಹ್ನ ಒಲೆಯಾಗಿರುತ್ತದೆ. ಅಲ್ಲಿಟ್ಟ ಲಿಥಿಯಂ ಬ್ಯಾಟರಿ ಚಾರ್ಜ್ ತೆಗೆದುಕೊಳ್ಳಲು ನಿರಾಕರಿಸುತ್ತದೆ, ಬಿಸಿಲು ಹೆಚ್ಚಿರುವ ಹೊತ್ತಿನಲ್ಲೇ. ನೆಲಮಹಡಿಯ ಉತ್ತರ ಗೋಡೆಯ ಬದಿ ಜಾಗ ಹುಡುಕಿ.

ಸಬ್ಸಿಡಿ ಮತ್ತು ಕಾಗದಪತ್ರ

ತಾರಸಿ ಸೋಲಾರ್‌ಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಯಿತು. ಮೊದಲ ಎರಡು ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಗ್ರಿಡ್‌ಗೆ ಸೇರಿರಬೇಕು, ಪ್ಯಾನೆಲ್‌ನ ಸೆಲ್ಲೂ ದೇಶದಲ್ಲೇ ತಯಾರಾಗಿರಬೇಕು. ಹೈಬ್ರಿಡ್ ಹಾಕಬಹುದು, ಬ್ಯಾಟರಿಗೆ ಪ್ರತ್ಯೇಕ ಸಬ್ಸಿಡಿ ಇಲ್ಲ. ಗ್ರಿಡ್ ಮುಟ್ಟದ ಸೋಲಾರ್ ಯುಪಿಎಸ್‌ಗೆ ಈ ಯೋಜನೆಯಲ್ಲಿ ಏನೂ ಇಲ್ಲ. 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಕಾರ್ಯಸಾಧ್ಯತೆಯ ಅಧ್ಯಯನ ಬೇಕಿಲ್ಲ ಎಂದು 2024ರ ನಿಯಮ ತಿದ್ದುಪಡಿ ಹೇಳುತ್ತದೆ. ಅದರಿಂದ ಅರ್ಜಿ ಬೇಗ ಮುಂದೆ ಹೋಗುತ್ತದೆ, ಲೈನು ನೆಟ್ಟಗಾಗುವುದಿಲ್ಲ.

ಕೆಲಸ ನಿಲ್ಲುವುದು ಹೆಚ್ಚಾಗಿ ಆರ್‌ಆರ್ ನಂಬರ್ ತೀರಿಹೋದ ಅಜ್ಜನ ಹೆಸರಿನಲ್ಲಿರುವುದರಿಂದ. ಹೆಸರು ಬದಲಾವಣೆಯನ್ನು ಮೊದಲು ಮುಗಿಸಿ, ಆಮೇಲೆ ಪೋರ್ಟಲ್‌ಗೆ ಹೋಗಿ. ಪ್ಯಾನೆಲ್ ಏರಿಸಿದ ಮೇಲೆ, ಒಳಬಂದ ಮತ್ತು ಹೊರಹೋದ ಯೂನಿಟ್ ಎರಡನ್ನೂ ಬೇರೆಯಾಗಿ ಎಣಿಸುವ ನೆಟ್ ಮೀಟರ್ ಬರುವವರೆಗೂ ಇನ್ವರ್ಟರ್ ಆನ್ ಮಾಡಬೇಡಿ. ಕೆಲವು ಹಳೆಯ ಎಲೆಕ್ಟ್ರಾನಿಕ್ ಮೀಟರ್‌ಗಳು ಹೊರಗೆ ಹೋದ ಯೂನಿಟ್ಟನ್ನೂ ಬಳಸಿದ್ದೆಂದೇ ಎಣಿಸುತ್ತವೆ, ಬಿಲ್ಲು ಇಳಿಯುವ ಬದಲು ಏರುತ್ತದೆ.

ಗಾಳಿ, ಧೂಳು, ಅರ್ಥಿಂಗ್

ಜೋಗಿಮಟ್ಟಿಯ ಗಾಳಿಯಂತ್ರಗಳು ಅಲ್ಲಿ ಸುಮ್ಮನೆ ನಿಂತಿಲ್ಲ. ಚಿತ್ರದುರ್ಗದ ಸುತ್ತ ಎತ್ತರದ ಸ್ಟ್ರಕ್ಚರ್ ಹಾಕುವವರು ಗಂಟೆಗೆ 150 ಕಿ.ಮೀ. ಗಾಳಿ ತಡೆಯುವ ವಿನ್ಯಾಸ ಕೇಳಬೇಕು. ಆ ವೇಗದಲ್ಲಿ ಎರಡೂವರೆ ಚದರ ಮೀಟರ್‌ನ ಒಂದು ಪ್ಯಾನೆಲ್ ಮೇಲೆ ಬೀಳುವ ಒತ್ತಡ 270 ಕೆಜಿ ತೂಕದಷ್ಟು. ಕೆಳಗೆ ಬಟ್ಟೆ ಒಣಹಾಕಲು ಅನುಕೂಲವೆಂದು ಎಂಟಡಿ ಎತ್ತರ ಕಟ್ಟಿಸುವುದಾದರೆ ಅಡ್ಡಪಟ್ಟಿ ಇಲ್ಲದೆ ಒಪ್ಪಬೇಡಿ. ಆರ್‌ಸಿಸಿಗೆ ತೂತು ಕೊರೆಸುವ ಬದಲು ಒಂದಡಿ ಚೌಕದ ಕಾಂಕ್ರೀಟ್ ದಿಮ್ಮಿಗಳನ್ನು ತಾರಸಿಗೆ ಹಿಡಿಸಿ ಅದರಲ್ಲೇ ಬೋಲ್ಟ್ ಕೂರಿಸಿದರೆ ಮಳೆಗಾಲದಲ್ಲಿ ಸೋರುವುದಿಲ್ಲ. ದಿಮ್ಮಿ ಎಷ್ಟು, ತೂಕ ಎಷ್ಟು ಎಂಬುದನ್ನು ಈ ಗಾಳಿಯ ಲೆಕ್ಕದಿಂದಲೇ ಹೇಳಿಸಿ. ಬಾಗು ದಕ್ಷಿಣಕ್ಕೆ, 14–15 ಡಿಗ್ರಿ.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿಗಳ ಗಾಳಿ ಬರುವ ಬೀದಿಗಳಲ್ಲಿ ಪ್ಯಾನೆಲ್ ಮೇಲೆ ಕೂರುವುದು ಬರೀ ಧೂಳಲ್ಲ, ಜಿಡ್ಡಿನ ಮಸಿ. ಅದು ಮಳೆಗೆ ಹೋಗುವುದಿಲ್ಲ. ವಾರಕ್ಕೊಮ್ಮೆ, ಬಿಸಿಲೇರುವ ಮುನ್ನ, ಮೆತ್ತನೆ ಬಟ್ಟೆಯಿಂದ ಒರೆಸಿ. ಗಡಸು ಬೋರ್ ನೀರು ಸುರಿದು ಹಾಗೇ ಒಣಗಲು ಬಿಟ್ಟರೆ ಬಿಳಿ ಪೊರೆ ಕಟ್ಟುತ್ತದೆ. ಚಿತ್ರದುರ್ಗದ ಕೋಟೆ ಕಡೆಯ ಮನೆಗಳಲ್ಲಿ ಕೋತಿಗಳು ಜೋತಾಡುವ ಕೇಬಲ್ ಎಳೆಯುತ್ತವೆ, ಪ್ಯಾನೆಲ್ ಕೆಳಗಿನ ತಂತಿಯೂ ಪೈಪಿನೊಳಗಿರಲಿ.

ಅರ್ಥಿಂಗ್ ಗುಂಡಿ ಮೂರು ಬೇಕು: ಪ್ಯಾನೆಲ್ ಮತ್ತು ಸ್ಟ್ರಕ್ಚರ್‌ಗೆ ಒಂದು, ಇನ್ವರ್ಟರ್‌ನ ಎಸಿ ಬದಿಗೆ ಒಂದು, ಮಿಂಚು ನಿರೋಧಕಕ್ಕೆ ಒಂದು. ದುರ್ಗದ ಕಲ್ಲುನೆಲದಲ್ಲಿ ಮೂರಡಿಗೇ ಬಂಡೆ ಸಿಕ್ಕಿತೆಂದು ರಾಡ್ ಕತ್ತರಿಸಿ ಹೂತು ಹೋಗುವವರಿದ್ದಾರೆ. ಮೀಟರ್ ಹಚ್ಚಿ 5 ಓಮ್‌ನೊಳಗೆ ಬಂದದ್ದನ್ನು ತೋರಿಸಿದ ಮೇಲೆಯೇ ಕೊನೆಯ ಕಂತು ಕೊಡಿ. ಏಪ್ರಿಲ್‌ನ ಅಡ್ಡಮಳೆಯ ಸಿಡಿಲಿಗೆ ಸುಟ್ಟ ಇನ್ವರ್ಟರ್‌ಗೆ ವಾರಂಟಿ ಕೊಡದಿರಲು ಅರ್ಥಿಂಗ್ ಸರಿಯಿರಲಿಲ್ಲ ಎಂಬ ಒಂದು ಕಾರಣ ಸಾಕು.

ಒಪ್ಪಿಸಿಕೊಳ್ಳುವ ದಿನದ ಪರೀಕ್ಷೆ

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕರೆಯಿರಿ, ಸಂಜೆ ಬೇಡ. ಇನ್ವರ್ಟರ್ ಎರಡು ಕಿಲೋವಾಟ್‌ನ ಆಸುಪಾಸು ತೋರಿಸುತ್ತಿರುವಾಗ ಮೀಟರ್ ಪಕ್ಕದ ಮೇನ್ ಸ್ವಿಚ್ ಇಳಿಸಿ. ಆನ್‌ಗ್ರಿಡ್ ಎರಡು ಸೆಕೆಂಡಿನಲ್ಲಿ ನಿಲ್ಲಬೇಕು, ಯುಪಿಎಸ್ ತನ್ನ ಲೋಡ್ ಎತ್ತಿಕೊಳ್ಳಬೇಕು, ಮೇನ್ ಬೋರ್ಡಿನಲ್ಲಿ ಟೆಸ್ಟರ್ ಹಚ್ಚಿದರೆ ಏನೂ ಉರಿಯಬಾರದು. ಹೈಬ್ರಿಡ್ ಆದರೆ ಬ್ಯಾಕಪ್ ಬೋರ್ಡ್ ಜೀವಂತವಿರಬೇಕು, ಫ್ರಿಜ್ ಕಂಪ್ರೆಸರ್ ಏಳುವವರೆಗೆ ಕಾದು ನೋಡಿ. ಹತ್ತು ನಿಮಿಷ ಬಿಟ್ಟು ಸ್ವಿಚ್ ಏರಿಸಿ, ಇನ್ವರ್ಟರ್ ಮತ್ತೆ ಕೆಲಸ ಶುರುಮಾಡಲು ಎಷ್ಟು ಸೆಕೆಂಡ್ ತೆಗೆದುಕೊಂಡಿತು ಎಂದು ಗಡಿಯಾರ ನೋಡಿ ಎಣಿಸಿ. ಆ ಸಂಖ್ಯೆಯನ್ನೂ ದಿನಾಂಕವನ್ನೂ ಇನ್ವರ್ಟರ್‌ನ ಪಕ್ಕದ ಗೋಡೆಯ ಮೇಲೆ ಮಾರ್ಕರ್‌ನಲ್ಲಿ ಬರೆದುಬಿಡಿ. ಮುಂದೆ "ಸೋಲಾರ್ ಬರುತ್ತಿಲ್ಲ" ಎಂದು ಫೋನ್ ಮಾಡುವ ಮೊದಲು ಅಷ್ಟು ಹೊತ್ತು ಕಾಯಬಹುದು.